ಎಂಟೋ ಒಂಬತ್ತೋ

24 ನವೆಂಬರ್ 2023, ಶುಕ್ರವಾರ
ನೋಯ್ಡಾ

ಬೆಳಿಗ್ಗೆ ಮಗಳ ಮನೆಯಿಂದ ಒಬ್ಬನೇ ಹೊರಟು ಮೆಟ್ರೊ ಹಿಡಿದೆ. ಪ್ರಗತಿ ಮೈದಾನ ಎಂಬ ಹೆಸರಿನ ನಿಲ್ದಾಣ ಈಗಿಲ್ಲ, ಅದೀಗ ಸುಪ್ರೀಂ ಕೋರ್ಟ್. ನಾನು ಹಳೆಯ ಹೆಸರಿಗೆ ಕಿವಿಕೊಟ್ಟು ಕುಳಿತಿದ್ದೆ. ಎದುರು ಸೀಟಿನ ಹುಡುಗ ಕೈಸನ್ನೆ ಮಾಡಿ ಇಳಿಸದಿದ್ದರೆ ಮುಂದೆ ಹೋಗಿಬಿಡುತ್ತಿದ್ದೆ.

ಈ ಮೈದಾನಕ್ಕೆ ನಾನು ಮೊದಲು ಬಂದದ್ದು 1972ರ ನವೆಂಬರಿನಲ್ಲಿ, ಅಣ್ಣನ ಜೊತೆ. (ನಾವು ಮಕ್ಕಳೆಲ್ಲ ಅಪ್ಪನನ್ನು ಅಣ್ಣ ಎಂದೇ ಕರೆಯುತ್ತಿದ್ದೆವು.) ನನಗೆ ಹತ್ತು ವರ್ಷ. ನಮ್ಮದು ಇನ್ನೂ ಮೈಸೂರು ರಾಜ್ಯ, ಕರ್ನಾಟಕವಾಗಲು ಒಂದು ವರ್ಷವಿತ್ತು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವೆಂದು ದೆಹಲಿಯಲ್ಲಿ ಏಷ್ಯಾ-72 ಎಂಬ ಅಂತಾರಾಷ್ಟ್ರೀಯ ವಾಣಿಜ್ಯ ಮೇಳ ನಡೆದಿತ್ತು. ಅಣ್ಣ ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್. ಜನ್ಮದಲ್ಲಿ ಒಂದು ಜೊತೆ ಚಪ್ಪಲಿಯನ್ನೂ ಯೋಚಿಸದೆ ಕೊಂಡವರಲ್ಲ. ಅಂಥವರು ಮದ್ರಾಸಿಗೆ ಹೋಗಿ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ ಹತ್ತಿ ಎರಡು ರಾತ್ರಿ ಪ್ರಯಾಣ ಮಾಡಲು ಹೊರಟಾಗ ಅಮ್ಮನಿಗೆ ಮೈಮೇಲೆ ಏನಾದರೂ ಬಂದಿದೆಯೇ ಎಂದು ಅನುಮಾನವಾಯಿತಂತೆ. ಬುತ್ತಿಗೆ ಚಪಾತಿ, ಚಟ್ನಿಪುಡಿ, ಅವಲಕ್ಕಿ. ನಾಗಪುರದ ಹೊತ್ತಿಗೆ ಅವಲಕ್ಕಿ ಮಾತ್ರ ಉಳಿದಿತ್ತು.

ನನ್ನ ಆಸೆ ಮೇಳವಲ್ಲ. ಮೈದಾನದ ಪಕ್ಕದಲ್ಲೇ ಪುರಾನಾ ಕಿಲಾ, ಅದರ ಮಗ್ಗುಲಲ್ಲೇ ಮೃಗಾಲಯ, ಅಲ್ಲಿ ಬಿಳಿ ಹುಲಿ. ‘ಮೇಳ ಮುಗಿಸಿ ಹುಲಿ’ ಎಂದು ಅಣ್ಣ ರೈಲಿನಲ್ಲೇ ಮಾತು ಕೊಟ್ಟಿದ್ದರು.

ಕರೋಲ್ ಬಾಗಿನ ಸೋದರತ್ತೆಯ ಮನೆಯಲ್ಲಿ ಇಳಿದುಕೊಂಡಿದ್ದೆವು. ಮಾವನ ಕೋಟು ತೊಟ್ಟು ಅಣ್ಣ ಹೊರಟರು, ತೋಳು ಬೆರಳ ತುದಿಯವರೆಗೆ ಬರುತ್ತಿತ್ತು. ನನಗೆ ಮಂಕಿ ಟೋಪಿ.

ಒಳಗೆ ಹೋದರೆ ಎದುರಿಗೆ ಹಾಲ್ ಆಫ್ ನೇಷನ್ಸ್. ತುದಿ ಕತ್ತರಿಸಿದ ಪಿರಮಿಡ್ಡು ಎನ್ನಬಹುದು, ಆದರೆ ಮೈಯೆಲ್ಲ ತ್ರಿಕೋನದ ಕಿಂಡಿ. ಒಳಗೆ ಕಂಬವೆಂಬುದೇ ಇಲ್ಲ. ಜನ ಯಂತ್ರಗಳನ್ನು ನೋಡಲು ಮುಗಿಬಿದ್ದರೆ ಅಣ್ಣ ಬಾಗಿಲಲ್ಲೇ ನಿಂತು ಮೇಲೆ ನೋಡತೊಡಗಿದರು. ನಿಂತವರು ನಿಂತೇ ಇದ್ದರು. ‘ಕಬ್ಬಿಣದಲ್ಲಿ ಮಾಡಬೇಕಾದ್ದನ್ನು ಕಾಂಕ್ರೀಟಿನಲ್ಲಿ ಮಾಡಿದ್ದಾರಲ್ಲೋ, ಹುಚ್ಚರು!’ ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅದರ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹೀಗೆ ಕೋಲುಗಳನ್ನು ಹೆಣೆದು ಚಾವಣಿ ಎತ್ತುವುದು ಉಕ್ಕಿನ ಕೆಲಸ. ಆಗ ನಮ್ಮಲ್ಲಿ ಉಕ್ಕು ದುಬಾರಿ, ಕೂಲಿ ಅಗ್ಗ. ಹಾಗಾಗಿ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಅದನ್ನು ಕಾಂಕ್ರೀಟಿನಲ್ಲೇ ಮಾಡಿಸಿದರು. ಪ್ರತಿ ಕೋಲಿಗೂ ಸೆಂಟ್ರಿಂಗ್ ಕಟ್ಟಿ, ಕಂಬಿ ಇಟ್ಟು, ಅಲ್ಲೇ ಎರಕ ಹೊಯ್ದರು. ಎಪ್ಪತ್ತು ಮೀಟರಿಗೂ ಹೆಚ್ಚಿನ ಅಗಲ, ನಡುವೆ ಆಸರೆಯಿಲ್ಲ. ಊರಿನಲ್ಲಿ ಒಂದು ಮೋರಿಯ ಸ್ಲ್ಯಾಬಿಗೆ ಮೇಸ್ತ್ರಿಯ ಜೊತೆ ಮೂರು ದಿನ ಜಗಳವಾಡುತ್ತಿದ್ದ ಮನುಷ್ಯನಿಗೆ ಇದು ಹೇಗೆ ಕಂಡಿರಬೇಡ! ಕಾಂಕ್ರೀಟಿನಲ್ಲಿ ಜೇನುಗೂಡಿನಂಥ ತೂತು ಬಿದ್ದಿದೆಯೇ ಎಂದು ಕೈಗೆ ಎಟುಕಿದ ಕಡೆಯಲ್ಲೆಲ್ಲ ಸವರಿ ನೋಡಿದರು. ಸಿಗಲಿಲ್ಲವೆಂದು ಕಾಣುತ್ತದೆ. ಸಿಕ್ಕಿದ್ದರೆ ಊರಿಗೆಲ್ಲ ಹೇಳುತ್ತಿದ್ದರು.

ನನಗೆ ಅಲ್ಲಿ ಇಷ್ಟವಾದದ್ದು ನೆಲ. ಕಿಂಡಿಗಳಿಂದ ಬಿಸಿಲು ತುಂಡುತುಂಡಾಗಿ ಬಿದ್ದಿತ್ತು. ಒಂದು ಬೆಳಕಿನಿಂದ ಇನ್ನೊಂದಕ್ಕೆ ಕುಂಟೆಬಿಲ್ಲೆಯ ಹಾಗೆ ಒಂಟಿಕಾಲಲ್ಲಿ ಹಾರುತ್ತಿದ್ದೆ. ಅಣ್ಣ ರಟ್ಟೆ ಹಿಡಿದು ನಿಲ್ಲಿಸಿ ಮೇಲೆ ತೋರಿಸಿದರು. ‘ಆ ಗಂಟು ನೋಡು. ಎಷ್ಟು ಕೋಲು ಬಂದು ಸೇರಿವೆ, ಎಣಿಸು.’

ಎಣಿಸಿದೆ. ‘ಎಂಟು.’

‘ಹಿಂದಿನದನ್ನು ಬಿಟ್ಟೆ. ಒಂಬತ್ತು.’

ಮತ್ತೆ ಎಣಿಸಿದೆ, ಎಂಟೇ. ಇನ್ನೊಂದು ಗಂಟು, ಮತ್ತೊಂದು ಗಂಟು. ಹಾಲ್ ಆಫ್ ಇಂಡಸ್ಟ್ರೀಸಿನ ಇಳಿಜಾರು ದಾರಿಗಳಲ್ಲಿ ನಡೆಯುವಾಗಲೂ ನಮ್ಮಿಬ್ಬರದು ಅದೇ ವಾದ. ಬೇರೆ ಬೇರೆ ದೇಶಗಳವರು ಬಿಟ್ಟಿ ಹಂಚಿದ ಬಣ್ಣದ ಕಾಗದಗಳನ್ನು ನಾನು ಟೋಪಿಯಲ್ಲಿ ತುಂಬಿಕೊಂಡೆ. ಟ್ರ್ಯಾಕ್ಟರಿನ ಚಿತ್ರದ ಹಿಂಬದಿಯ ಖಾಲಿ ಜಾಗದಲ್ಲಿ ಅಣ್ಣ ಗಂಟಿನ ನಕ್ಷೆ ಬರೆದರು, ಒಂಬತ್ತು ಗೆರೆ ಎಳೆದರು. ಅಷ್ಟರಲ್ಲಿ ಹೊತ್ತು ಇಳಿದು ಮೃಗಾಲಯದ ಬಾಗಿಲು ಮುಚ್ಚಿತ್ತು. ಮರುದಿನ ನಮ್ಮ ರೈಲು. ಆ ಹುಲಿಯ ಸಾಲವನ್ನು ಅಣ್ಣ ತೀರಿಸಲೇ ಇಲ್ಲ. ನಾನೂ ಆಗಾಗ ನೆನಪಿಸುವುದನ್ನು ಬಿಡಲಿಲ್ಲ.

2017ರ ಏಪ್ರಿಲಿನಲ್ಲಿ ಒಂದು ರಾತ್ರಿ ಆ ಕಟ್ಟಡವನ್ನು ಕೆಡವಿದರು. ಪಾರಂಪರಿಕ ಕಟ್ಟಡವೆಂದು ಪರಿಗಣಿಸಲು ಅರವತ್ತು ವರ್ಷ ತುಂಬಿರಬೇಕಿತ್ತಂತೆ, ಅದಕ್ಕಿನ್ನೂ ನಲವತ್ತೈದು. ಷಷ್ಟ್ಯಬ್ದಿ ಆಗದವರಿಗೆ ಮರ್ಯಾದೆ ಇಲ್ಲ ಎಂದ ಹಾಗಾಯಿತು. ಅಣ್ಣ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಒಳ್ಳೆಯದೇ ಆಯಿತು, ಅವರ ಬಾಯಿಂದ ‘ಹುಚ್ಚರು’ ಎಂಬ ಮಾತನ್ನು ಬೇರೆ ಅರ್ಥದಲ್ಲಿ ಕೇಳಬೇಕಾಗುತ್ತಿತ್ತು.

ಇಂದು ಅಲ್ಲಿ ಭಾರತ ಮಂಟಪವಿದೆ. ಜಿ-20 ಸಭೆಗಾಗಿ ತಂದ ನಟರಾಜನಿದ್ದಾನೆ, ಚೆನ್ನಾಗಿಯೇ ಇದ್ದಾನೆ. ವಾಣಿಜ್ಯ ಮೇಳದ ನೂಕುನುಗ್ಗಲು. ಹಳೆಯ ಹಾಲ್ ಎಲ್ಲಿತ್ತು ಎಂದು ಅಂದಾಜು ಮಾಡುತ್ತ ಕತ್ತೆತ್ತಿ ನಿಂತಿದ್ದೆ. ಕಾವಲುಗಾರ ಬಂದು ಏನು ಹುಡುಕುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದ. ಛಾವಣಿ ಎಂದೆ. ಆತ ಹೊರಹೋಗುವ ದಾರಿ ತೋರಿಸಿದ. ಅರ್ಧ ಕಿಲೋ ಖರ್ಜೂರ ಕೊಂಡು ಬಂದುಬಿಟ್ಟೆ.

ಸಂಜೆ ಮಗಳು ಮೊಬೈಲಿನಲ್ಲಿ ಆ ಕಟ್ಟಡದ ಹಳೆಯ ಫೋಟೊ ಹುಡುಕಿಕೊಟ್ಟಳು. ಕನ್ನಡಕ ಹಾಕಿ, ತೆಗೆದು, ಎರಡು ಬಾರಿ ಎಣಿಸಿದೆ. ಕಣ್ಣು ತುಂಬಿ ಗೆರೆಗಳು ಕಲಸಿಹೋದವು, ವಯಸ್ಸಿನ ಕಣ್ಣು. ಮೊಮ್ಮಗಳಿಗೆ ಕೊಟ್ಟೆ. ಅವಳು ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿ, ತುಟಿ ಅಲುಗಿಸುತ್ತ ಎಣಿಸಿ, ಏಳು ಎಂದಳು.