ಕರೆಂಟು ಬಿಲ್ಲಿನಲ್ಲೇ ನಿಮ್ಮ ಪಾಲೂ ಇದೆ: ಅಮೆರಿಕದ ವಿದ್ಯುತ್ ಕೋ-ಆಪ್ ಸದಸ್ಯರಾದ ಕನ್ನಡಿಗರಿಗೆ

ಟೆಕ್ಸಸ್‌ನ ಫ್ರಿಸ್ಕೊದಲ್ಲಿ ಮನೆ ಕೊಂಡವರು ಮೊದಲ ತಿಂಗಳೇ ಕೇಳುವ ಪ್ರಶ್ನೆ ಒಂದಿದೆ: ಪಕ್ಕದ ಬಡಾವಣೆಯವರು ಹತ್ತಾರು ಕರೆಂಟು ಕಂಪನಿಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ, ನಮಗೇಕೆ ಆಯ್ಕೆ ಇಲ್ಲ? ನಿಮ್ಮ ಬೀದಿಗೆ ತಂತಿ ಎಳೆದಿರುವುದು ಕಂಪನಿಯಲ್ಲ, ಕೋಸರ್ವ್ ಎಂಬ ಸಹಕಾರ ಸಂಘ. ಟೆಕ್ಸಸ್ ತನ್ನ ವಿದ್ಯುತ್ ಮಾರುಕಟ್ಟೆಯನ್ನು ತೆರೆದಾಗ, ಬರುವುದು ಬಿಡುವುದು ಸಹಕಾರ ಸಂಘಗಳ ಇಷ್ಟಕ್ಕೇ ಬಿಟ್ಟಿತು. ಬಹುತೇಕ ಸಂಘಗಳು ಹೊರಗೇ ಉಳಿದವು. ಆಸ್ಟಿನ್ ಪಕ್ಕದ ಲಿಯಾಂಡರ್, ಸೀಡರ್ ಪಾರ್ಕ್ ಕಡೆ ಪೆಡರ್ನಾಲಿಸ್, ಜಾರ್ಜಿಯಾದ ಕಮಿಂಗ್‌ನಲ್ಲಿ ಸಾನಿ, ಉತ್ತರ ವರ್ಜೀನಿಯಾದಲ್ಲಿ ನೋವೆಕ್ ಇವೆಲ್ಲ ಇದೇ ಜಾತಿಯವು.

1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ಹಳ್ಳಿಮನೆಗಳಲ್ಲಿ ಒಂಬತ್ತಕ್ಕೆ ಕರೆಂಟು ಇರಲಿಲ್ಲ. ಮೈಲಿಗೆ ಎರಡು ಮೂರು ಮನೆ ಇರುವಲ್ಲಿ ಕಂಬ ನೆಟ್ಟರೆ ಗಿಟ್ಟುವುದಿಲ್ಲ ಎಂದು ಖಾಸಗಿ ಕಂಪನಿಗಳು ಕೈಚೆಲ್ಲಿದ್ದವು. 1936ರ ಗ್ರಾಮೀಣ ವಿದ್ಯುದೀಕರಣ ಕಾಯ್ದೆಯ ಸಾಲ ಪಡೆದು ರೈತರೇ ಸಂಘ ಕಟ್ಟಿಕೊಂಡರು. ಆಮೇಲೆ ಆ ಹೊಲಗಳ ಮೇಲೆ ಬಡಾವಣೆಗಳೆದ್ದವು, ಐಟಿಯವರು ಬಂದರು. ಸಂಘ ಮಾತ್ರ ಸಂಘವಾಗಿಯೇ ಉಳಿಯಿತು. ಹಾಗಾಗಿ ಮೀಟರಿಗೆ ಅರ್ಜಿ ಹಾಕಿದ ದಿನವೇ ನೀವು ಗ್ರಾಹಕರಷ್ಟೇ ಅಲ್ಲ, ಸದಸ್ಯರೂ ಹೌದು. ಸದಸ್ಯತ್ವಕ್ಕೆ ಬೇರೆ ಶುಲ್ಕವಿದ್ದರೆ ಅದು ಸಣ್ಣ ಮೊತ್ತ. ಡೆಪಾಸಿಟ್ ಅದಕ್ಕಿಂತ ದೊಡ್ಡದು, ಅದು ಬೇರೆ. ಹಿಂದಿನ ವಿದ್ಯುತ್ ಸಂಸ್ಥೆಯಿಂದ ಸರಿಯಾಗಿ ಬಿಲ್ ಕಟ್ಟಿದ್ದಾರೆಂಬ ಪತ್ರ ತಂದರೆ ಎಷ್ಟೋ ಕಡೆ ಡೆಪಾಸಿಟ್ ಬಿಡುತ್ತಾರೆ. ಕೇಳದಿದ್ದರೆ ಅವರಾಗಿ ಹೇಳುವುದು ಕಡಿಮೆ.

ಸದಸ್ಯರು ಅತಿ ಹೆಚ್ಚು ಕಳೆದುಕೊಳ್ಳುವುದು ಕ್ಯಾಪಿಟಲ್ ಕ್ರೆಡಿಟ್ ಎಂಬ ಹಣವನ್ನು. ನಮ್ಮೂರ ಹಾಲಿನ ಡೇರಿ ವರ್ಷದ ಕೊನೆಗೆ ಹಾಕಿದ ಹಾಲಿನ ಲೆಕ್ಕದ ಮೇಲೆ ಬೋನಸ್ ಕೊಡುತ್ತದಲ್ಲ, ಲೆಕ್ಕ ಅದೇ. ಖರ್ಚೆಲ್ಲ ಕಳೆದು ಉಳಿದ ಹಣವನ್ನು ಆ ವರ್ಷ ಯಾರು ಎಷ್ಟು ಕರೆಂಟು ಕೊಂಡರೋ ಆ ಪ್ರಮಾಣದಲ್ಲಿ ಅವರವರ ಹೆಸರಿಗೆ ಬರೆಯುತ್ತಾರೆ. ಉದಾಹರಣೆಗೆ, ವರ್ಷಕ್ಕೆ 2,000 ಡಾಲರ್ ಬಿಲ್ ಕಟ್ಟುವ ಮನೆ, ಆದಾಯದಲ್ಲಿ ಶೇ. 5 ಉಳಿಸಿದ ಸಂಘ ಎಂದಿಟ್ಟುಕೊಳ್ಳಿ: ಸುಮಾರು 100 ಡಾಲರ್ ನಿಮ್ಮ ಖಾತೆಗೆ. ಆದರೆ ಡೇರಿಯಂತೆ ಅದೇ ವರ್ಷ ಕೈಗೆ ಬರುವುದಿಲ್ಲ. ಆ ಹಣ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗೆ ಬಂಡವಾಳವಾಗುತ್ತದೆ. ಆಡಳಿತ ಮಂಡಳಿ ಹಣಕಾಸಿನ ಸ್ಥಿತಿ ನೋಡಿ ಹಳೆಯ ವರ್ಷಗಳ ಪಾಲನ್ನು ಮರಳಿಸುತ್ತದೆ. ಹತ್ತು, ಇಪ್ಪತ್ತು ವರ್ಷ, ಕೆಲವು ಕಡೆ ಇನ್ನೂ ಹೆಚ್ಚು ಕಾಯಬೇಕು. ಬಡ್ಡಿ ಇಲ್ಲ, ಬಿಲ್ ಬಾಕಿಗೆ ವಜಾ ಹಾಕಿ ಎಂದು ಕೇಳಿದರೂ ಸಾಮಾನ್ಯವಾಗಿ ಆಗುವುದಿಲ್ಲ.

ಮನೆ ಮಾರಿದರೂ ಆ ಪಾಲು ಮನೆಯೊಂದಿಗೆ ಹೋಗುವುದಿಲ್ಲ, ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಕೈತಪ್ಪುವುದು ಇಲ್ಲೇ. ಹದಿನೈದು ವರ್ಷದ ಮೇಲೆ ಚೆಕ್ಕು ಹಳೇ ವಿಳಾಸಕ್ಕೆ ಹೋಗಿ ವಾಪಸ್ಸಾಗುತ್ತದೆ, ಅಷ್ಟರಲ್ಲಿ ನೀವು ಮೂರು ಊರು ಬದಲಿಸಿರುತ್ತೀರಿ ಅಥವಾ ಮೈಸೂರಿಗೆ ಮರಳಿರುತ್ತೀರಿ. ಯಾರೂ ಕೇಳದ ಹಣ ಆಯಾ ರಾಜ್ಯದ ಕಾನೂನಿನಂತೆ ಸರ್ಕಾರದ ವಾರಸುದಾರರಿಲ್ಲದ ಖಾತೆಗೋ, ಸಂಘದ ವಿದ್ಯಾರ್ಥಿವೇತನದಂಥ ಕೆಲಸಕ್ಕೋ ಹೋಗುತ್ತದೆ. ಆದ್ದರಿಂದ ಖಾತೆ ಮುಚ್ಚುವಾಗ ಕೊನೆಯ ಬಿಲ್ ಕಟ್ಟಿ ಸುಮ್ಮನಾಗಬೇಡಿ. ಸದಸ್ಯ ಸಂಖ್ಯೆ ಬರೆದುಕೊಳ್ಳಿ, ಒಟ್ಟು ಎಷ್ಟು ಪಾಲು ಜಮೆಯಾಗಿದೆ ಎಂಬ ವಿವರ ಲಿಖಿತವಾಗಿ ಪಡೆಯಿರಿ, ಬದಲಾಗದ ಒಂದು ವಿಳಾಸ ಮತ್ತು ಇಮೇಲ್ ಕೊಡಿ. ಭಾರತಕ್ಕೆ ಹೊರಟವರು ಅಮೆರಿಕದ ಬ್ಯಾಂಕ್ ಖಾತೆ ಒಂದನ್ನಾದರೂ ಉಳಿಸಿಕೊಳ್ಳಿ. ಡಾಲರ್ ಚೆಕ್ಕನ್ನು ಭಾರತದಲ್ಲಿ ನಗದು ಮಾಡಿಸುವ ತಾಪತ್ರಯಕ್ಕೆ ಸಣ್ಣ ಮೊತ್ತದ ಅರ್ಧ ಕರಗುತ್ತದೆ.

ಹೆಸರಿನ ಗೊಂದಲ ನಮ್ಮವರಿಗೆ ವಿಶೇಷ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಖಾತೆ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಶುರುವಾಗಿರುತ್ತದೆ, ಆಮೇಲೆ ಬ್ಯಾಂಕಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿರುತ್ತಾರೆ. ಚೆಕ್ಕಿನ ಹೆಸರೇ ಬೇರೆ, ಬ್ಯಾಂಕಿನ ಹೆಸರೇ ಬೇರೆ. ಬ್ಯಾಂಕಿನಲ್ಲಿರುವ ಹೆಸರನ್ನೇ ಸಂಘದಲ್ಲೂ ಮಾಡಿಸಿ. ಗಂಡನ ಹೆಸರಿನಲ್ಲಿ ಮಾತ್ರ ಖಾತೆ ತೆರೆಯುವ ಅಭ್ಯಾಸವನ್ನೂ ಬಿಡಬೇಕು. ಬಹುತೇಕ ಸಂಘಗಳಲ್ಲಿ ಜಂಟಿ ಸದಸ್ಯತ್ವ ಇದೆ. ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ಪಾಲು ಸಲೀಸಾಗಿ ದಾಟುತ್ತದೆ. ಒಬ್ಬರದೇ ಹೆಸರಿದ್ದರೆ ಮರಣ ಪ್ರಮಾಣಪತ್ರ, ವಾರಸುದಾರಿಕೆ ಕಾಗದಗಳನ್ನು ಹಿಡಿದು ಅರ್ಜಿ ಹಾಕಬೇಕು. ಹೀಗೆ ಅವಧಿಗೆ ಮುಂಚೆ ಪಡೆಯುವ ಹಣವನ್ನು ಅನೇಕ ಸಂಘಗಳು ಇಂದಿನ ಮೌಲ್ಯಕ್ಕೆ ಇಳಿಸಿ, ಅಂದರೆ ಮುಂದೆ ಬರಬೇಕಾದ್ದನ್ನು ಈಗಲೇ ಕೊಡುವುದಕ್ಕೆ ಒಂದಿಷ್ಟು ಕಳೆದು, ಕೊಡುತ್ತವೆ. ಕಾಯುವುದೋ ಈಗಲೇ ಪಡೆಯುವುದೋ ಎಂದು ಎರಡೂ ಅಂಕಿ ಕೇಳಿ ತೀರ್ಮಾನಿಸಿ.

ಸದಸ್ಯರಿಗೆ ಒಬ್ಬರಿಗೆ ಒಂದು ಮತ. ಇಪ್ಪತ್ತು ಮೀಟರ್ ಇರುವ ಅಂಗಡಿಯವನಿಗೂ ಒಂದೇ. ದರ, ಸೋಲಾರ್ ನೀತಿ, ಪಾಲು ಮರಳಿಸುವ ವೇಗ ಎಲ್ಲವೂ ಈ ಮತದಿಂದ ಬಂದ ನಿರ್ದೇಶಕರ ಕೈಯಲ್ಲಿ. ವಾರ್ಷಿಕ ಸಭೆಗೆ ಹೋಗಲಾಗದಿದ್ದರೆ ಅಂಚೆ ಅಥವಾ ಆನ್‌ಲೈನ್ ಮತಪತ್ರ ತುಂಬಿ. ಖಾಲಿ ಪ್ರಾಕ್ಸಿಗೆ (ನಿಮ್ಮ ಪರವಾಗಿ ಬೇರೆಯವರು ಮತ ಹಾಕಲು ಕೊಡುವ ಒಪ್ಪಿಗೆಪತ್ರ) ಸಹಿ ಹಾಕಿದರೆ ನಿಮ್ಮ ಮತ ಈಗಿರುವ ಮಂಡಳಿಗೆ ಹೋಗಬಹುದು, ಓದಿಯೇ ಸಹಿ ಹಾಕಿ.

ಬಿಲ್ಲಿನಲ್ಲಿ 'ಡಿಮ್ಯಾಂಡ್' ಎಂಬ ಸಾಲು ಇದ್ದರೆ ಎಷ್ಟು ಯೂನಿಟ್ ಬಳಸಿದಿರಿ ಎಂಬುದಷ್ಟೇ ಅಲ್ಲ, ಒಂದೇ ಹೊತ್ತಿಗೆ ಎಷ್ಟು ಎಳೆದಿರಿ ಎಂಬುದಕ್ಕೂ ಹಣ. ಡ್ರೈಯರ್ 5 ಕಿಲೋವ್ಯಾಟ್, ವಾಟರ್ ಹೀಟರ್ 4.5, ಕಾರಿನ ಚಾರ್ಜರ್ 7ಕ್ಕೂ ಮೇಲೆ. ಹಬ್ಬದ ಸಂಜೆ ಓವನ್, ಎಸಿ ಜೊತೆ ಇವೆಲ್ಲ ಕೂಡಿ ಓಡಿದರೆ ಆ ಒಂದು ಗಂಟೆಯೇ ತಿಂಗಳ ಬಿಲ್ ಏರಿಸುತ್ತದೆ. ಕಾರನ್ನು ನಡುರಾತ್ರಿಗೆ ಟೈಮರ್ ಹಾಕಿ. ಎಸಿ ಥರ್ಮೋಸ್ಟಾಟನ್ನು ಬಿಸಿ ಸಂಜೆಗಳಲ್ಲಿ ಸಂಘವೇ ಸ್ವಲ್ಪ ಹೊತ್ತು ಏರಿಸಿ ಎಸಿಯ ಓಟ ತಗ್ಗಿಸಲು ನೀವು ಒಪ್ಪಿದರೆ ಬಿಲ್ಲಿನಲ್ಲಿ ರಿಯಾಯಿತಿ ಕೊಡುವ ಯೋಜನೆಗಳೂ ಇವೆ.

ಬಿಲ್ಲನ್ನು ಮುಂದಿನ ಇಡೀ ಡಾಲರಿಗೆ ಏರಿಸಿ ಚಿಲ್ಲರೆಯನ್ನು ಊರಿನ ಕಷ್ಟಕ್ಕೆ ಕೊಡುವ 'ರೌಂಡ್ ಅಪ್' ಯೋಜನೆಯನ್ನು 1989ರಲ್ಲಿ ದಕ್ಷಿಣ ಕೆರೊಲಿನಾದ ಪಾಮೆಟೊ ಸಂಘ ಶುರುಮಾಡಿತು. ವರ್ಷಕ್ಕೆ ಎಷ್ಟೇ ಆದರೂ 12 ಡಾಲರಿಗಿಂತ ಕಡಿಮೆ. ಕೊಡಲು ಯೋಗ್ಯವಾದ ಹಣ.

ಮೀಟರ್ ಸಂಘದ್ದು, ಅದು ಕೂತಿರುವ ಡಬ್ಬಿ, ಮೇಲೆ ಹೋಗುವ ಪೈಪು, ಅದರ ತುದಿಯ ಟೋಪಿ ಸಾಮಾನ್ಯವಾಗಿ ನಿಮ್ಮವು. ಬಿರುಗಾಳಿಗೆ ಆ ಪೈಪು ಗೋಡೆಯಿಂದ ಕಿತ್ತು ಬಂದರೆ ಲೈನ್‌ಮನ್ ಬಂದರೂ ಜೋಡಿಸುವುದಿಲ್ಲ. ಮೊದಲು ನೀವು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಬೇಕು, ಬೇಕಾದಲ್ಲಿ ತಪಾಸಣೆಯೂ ಆಗಬೇಕು.

ಕರೆಂಟು ಹೋದಾಗ ಮೊದಲು ಮೇನ್ ಬ್ರೇಕರ್ ನೋಡಿ, ಆಮೇಲೆ ಪಕ್ಕದ ಮನೆ. ಪಕ್ಕದವರು ದೂರು ಕೊಟ್ಟಿರುತ್ತಾರೆ ಎಂದು ಕೂರಬೇಡಿ; ದೂರುಗಳು ಎಲ್ಲೆಲ್ಲಿಂದ ಬಂದವು ಎಂಬುದರಿಂದಲೂ ದೋಷದ ಜಾಗ ಸಿಗುತ್ತದೆ. ನಿಮ್ಮ ಮೊಬೈಲ್ ನಂಬರ್ ಖಾತೆಗೆ ಸೇರಿಲ್ಲದಿದ್ದರೆ ಮೆಸೇಜ್ ಕಳಿಸಿದರೂ ಅದು ಯಾವ ಮನೆ ಎಂದು ಗೊತ್ತಾಗುವುದಿಲ್ಲ. ಒಂದು ಲಕ್ಷಣವನ್ನು ಮಾತ್ರ ಮರೆಯಬಾರದು: ಕೆಲವು ದೀಪ ಕಣ್ಣು ಕುಕ್ಕುವಷ್ಟು ಬೆಳಗಿ, ಕೆಲವು ಮಂಕಾದರೆ ನ್ಯೂಟ್ರಲ್ ತಂತಿ ಕಡಿದಿರಬಹುದು. 120 ವೋಲ್ಟ್ ಬರಬೇಕಾದ ಕಡೆ ಅದಕ್ಕಿಂತ ಬಹಳ ಹೆಚ್ಚು ನುಗ್ಗಿ ಫ್ರಿಜ್, ಟಿವಿ ಸುಡುತ್ತವೆ. ತಕ್ಷಣ ಮೇನ್ ಆರಿಸಿ, ತುರ್ತು ನಂಬರಿಗೆ ಫೋನ್ ಮಾಡಿ.

ಜನರೇಟರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಮನೆಗೆ ಕೊಡುವುದು ಕೊಲೆಗೆ ಸಮಾನ. ನಿಮ್ಮ 240 ವೋಲ್ಟ್ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಸಾವಿರಾರು ವೋಲ್ಟ್ ಆಗಿ, ಸತ್ತ ತಂತಿ ಎಂದು ನಂಬಿ ಮುಟ್ಟಿದ ಲೈನ್‌ಮನ್ ಸಾಯುತ್ತಾನೆ. ಜನರೇಟರ್ ಓಡುವಾಗ ಮನೆಯನ್ನು ಹೊರಗಿನ ತಂತಿಯಿಂದ ಬೇರ್ಪಡಿಸುವ ಟ್ರಾನ್ಸ್‌ಫರ್ ಸ್ವಿಚ್ ಅಥವಾ ಇಂಟರ್‌ಲಾಕ್ ಕಡ್ಡಾಯ.

ಊರಿಂದ ಬಂದ ಅಪ್ಪ ಅಮ್ಮನಿಗೆ ಆಕ್ಸಿಜನ್ ಯಂತ್ರ ಬೇಕಿದ್ದರೆ ವೈದ್ಯರ ಸಹಿ ಇರುವ ಫಾರಂ ಕೊಟ್ಟು ವೈದ್ಯಕೀಯ ಪಟ್ಟಿಗೆ ಸೇರಿಸಿ. ಯೋಜಿತ ಕಡಿತದ ಮುನ್ಸೂಚನೆ ಸಿಗುತ್ತದೆ. ಆದರೆ ಕರೆಂಟು ಹೋಗುವುದಿಲ್ಲ ಎಂಬ ಭರವಸೆ ಅದಲ್ಲ, ತುಂಬಿದ ಸಿಲಿಂಡರ್ ಮನೆಯಲ್ಲಿರಲಿ. ಎರಡು ತಿಂಗಳು ಊರಿಗೆ ಹೋಗುವವರು ಪ್ರೀಪೇಯ್ಡ್ ಯೋಜನೆಯಲ್ಲಿದ್ದರೆ ಹೊರಡುವ ಮುನ್ನ ಸಾಕಷ್ಟು ತುಂಬಿಸಿ. ತುಂಬಿಸಿದ ಹಣ ಮುಗಿದರೆ ಮೀಟರ್ ದೂರದಿಂದಲೇ ಕಡಿತವಾಗುತ್ತದೆ. ಚಳಿಗಾಲದಲ್ಲಿ ಹೀಟರ್ ನಿಂತು ನೀರಿನ ಪೈಪು ಒಡೆದರೆ ಅದರ ಖರ್ಚೇ ಬೇರೆ.

ಈ ಸಂಘಗಳಿಗೂ ಕರ್ನಾಟಕಕ್ಕೂ ನೇರ ನಂಟಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲಿ ಹುಟ್ಟಿದ್ದು, ಅಮೆರಿಕದ ಇದೇ ಕೋ-ಆಪ್‌ಗಳ ರಾಷ್ಟ್ರೀಯ ಒಕ್ಕೂಟದ ನೆರವಿನಿಂದ ಭಾರತದಲ್ಲಿ ಮಾಡಿದ ಐದು ಪ್ರಯೋಗಗಳಲ್ಲಿ ಒಂದಾಗಿ. ಅದು ಇಂದಿಗೂ ಕರೆಂಟು ಕೊಂಡು ಹಂಚುತ್ತಿದೆ.

ಕೊನೆಯದಾಗಿ ಸೋಲಾರ್. ಬಾಗಿಲಿಗೆ ಬರುವ ಮಾರಾಟಗಾರ "ನಿಮ್ಮ ಕೋ-ಆಪ್ ಜೊತೆ ಸೇರಿಯೇ ಮಾಡುತ್ತಿದ್ದೇವೆ" ಎಂದರೆ ಸಂಘಕ್ಕೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಚಾವಣಿಯಿಂದ ಹೊರಹೋಗುವ ಯೂನಿಟ್ಟಿಗೆ ನೀವು ಕೊಳ್ಳುವ ದರವನ್ನೇ ಕೊಡುತ್ತಾರೋ, ಕಡಿಮೆ ಸಗಟು ದರವೋ ಎಂಬುದು ಸಂಘದಿಂದ ಸಂಘಕ್ಕೆ ಬೇರೆ. ಸಾಲ ತೀರುವುದು ಹತ್ತು ವರ್ಷದಲ್ಲೋ ಇಪ್ಪತ್ತರಲ್ಲೋ ಎಂಬುದು ಇದರ ಮೇಲೆ ನಿಂತಿದೆ. ಆ ದರವನ್ನೂ, ಗ್ರಿಡ್‌ಗೆ ಜೋಡಿಸುವ ಒಪ್ಪಿಗೆಯನ್ನೂ ಸಂಘದಿಂದ ಲಿಖಿತವಾಗಿ ಪಡೆದ ಮೇಲೆಯೇ ಮಾರಾಟಗಾರನ ಕಾಗದಕ್ಕೆ ಸಹಿ ಹಾಕಿ.