385 ಜನ ಸಿಕ್ಕರೆ ಸಾಲದು

ಹಾಸನ, 15 ನವೆಂಬರ್ 2025, ಶನಿವಾರ

ಪದವಿ ಕೊನೆಯ ವರ್ಷದ ಸಂಖ್ಯಾಶಾಸ್ತ್ರ ಪ್ರಾಜೆಕ್ಟಿನ ವಿಷಯ ಇವತ್ತು ನಿಕ್ಕಿಯಾಯಿತು. ಹಾಸನ ಜಿಲ್ಲೆಯ ಮತದಾರರು ಎರಡು ಆರ್ಥಿಕ ನೀತಿಗಳ ಬಗ್ಗೆ ಏನನ್ನುತ್ತಾರೆ ಎಂದು ಕೇಳುವುದು. ಒಂದು, ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರ ಇಳಿಕೆ. ಇನ್ನೊಂದು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ. ನಲವತ್ತು ವಿದ್ಯಾರ್ಥಿಗಳು, ಇಬ್ಬಿಬ್ಬರಂತೆ 20 ತಂಡ. ಬೇರೆ ಕಾಲೇಜಿನವರಿಗೂ ಉಪಯೋಗಕ್ಕೆ ಬರಲಿ ಎಂದು ಲೆಕ್ಕಗಳನ್ನು ಬಿಡಿಸಿಯೇ ಬರೆದಿಡುತ್ತಿದ್ದೇನೆ.

ಇಂಥ ಪ್ರಾಜೆಕ್ಟಿನ ಮೊದಲ ಪುಟದಲ್ಲಿ 385 ಎಂಬ ಸಂಖ್ಯೆ ಇದ್ದೇ ಇರುತ್ತದೆ. ಶೇ. 95 ಭರವಸೆಯಲ್ಲಿ ಉತ್ತರ 5 ಶೇಕಡಾ ಅಂಶಕ್ಕಿಂತ ಆಚೀಚೆ ಆಗದಿರಲು ಇಷ್ಟು ಜನರನ್ನು ಕೇಳಬೇಕು ಎಂಬ ಲೆಕ್ಕ ಅದು. 1.96ರ ವರ್ಗವನ್ನು 0.25ರಿಂದ ಗುಣಿಸಿ 0.05ರ ವರ್ಗದಿಂದ ಭಾಗಿಸಿದರೆ 384.16 ಬರುತ್ತದೆ, ಅದನ್ನೇ ಮೇಲಕ್ಕೆ ಏರಿಸಿ 385. ಲೆಕ್ಕ ಸರಿ. ಆದರೆ ಇಡೀ ಜಿಲ್ಲೆಯ ಹೆಸರುಗಳನ್ನು ಒಂದೇ ಡಬ್ಬಿಗೆ ಹಾಕಿ ಚೀಟಿ ಎತ್ತಿದಾಗ ಮಾತ್ರ ಅದಕ್ಕೆ ಅರ್ಥವಿದೆ. ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಾಕಿದರೆ 385 ಉತ್ತರ ಒಂದೇ ಸಂಜೆಗೆ ಬಂದುಬಿಡುತ್ತವೆ. ಬಂದವರು ವಿದ್ಯಾರ್ಥಿಗಳು, ಅವರ ಅಣ್ಣ ಅಕ್ಕಂದಿರು, ಒಂದಿಷ್ಟು ಮೇಷ್ಟ್ರುಗಳು. ಅದನ್ನು ಸಾರ್ವಜನಿಕ ಅಭಿಪ್ರಾಯ ಅಂತ ಕರೆಯಲು ಬರುವುದಿಲ್ಲ. ಅಮೆರಿಕದಲ್ಲಿ 1936ರ ಅಧ್ಯಕ್ಷ ಚುನಾವಣೆಗೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಚೀಟಿ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ತರಿಸಿಕೊಂಡು ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಆ ಹೆಸರುಗಳು ಬಂದದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ. ಮೇಲಾಗಿ ಚೀಟಿ ವಾಪಸ್ ಕಳಿಸಿದವರು ಒಂದು ಬಗೆಯವರು, ಸುಮ್ಮನಿದ್ದವರು ಇನ್ನೊಂದು ಬಗೆಯವರು. ಎಷ್ಟು ಜನ ಎನ್ನುವುದಕ್ಕಿಂತ ಯಾರು, ಹೇಗೆ ಆಯ್ಕೆಯಾದರು ಎನ್ನುವುದು ಮೊದಲ ಪ್ರಶ್ನೆ.

ಆಯ್ಕೆಗೆ ಪಟ್ಟಿ ಬೇಕು. ನಮಗೆ ಸಿಗುವುದರಲ್ಲಿ ಒಳ್ಳೆಯದು ಮತದಾರರ ಪಟ್ಟಿ. ಭಾಗವಾರು (ಒಂದು ಭಾಗ ಅಂದರೆ ಒಂದು ಮತಗಟ್ಟೆಯ ಪಟ್ಟಿ) ಪಿಡಿಎಫ್ ಸಾರ್ವಜನಿಕವಾಗಿ ಸಿಗುತ್ತದೆ. ಎಕ್ಸೆಲ್‌ಗೆ ನಕಲು ಆಗುವುದಿಲ್ಲ, ಬೇಕಾದ ಕ್ರಮಸಂಖ್ಯೆಗಳನ್ನಷ್ಟೇ ಕೈಯಲ್ಲಿ ಬರೆದುಕೊಳ್ಳಬೇಕು. ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳನ್ನು ಮಲೆನಾಡಿನ ತುದಿಯಿಂದ ಬಯಲುಸೀಮೆಯ ತುದಿಗೆ ಜೋಡಿಸಿ: ಸಕಲೇಶಪುರ, ಬೇಲೂರು, ಹಾಸನ, ಅರಕಲಗೂಡು, ಹೊಳೆನರಸೀಪುರ, ಶ್ರವಣಬೆಳಗೊಳ, ಅರಸೀಕೆರೆ. ಈ ಜೋಡಣೆಗೆ ಕಾರಣವಿದೆ. ಒಂದು ತುದಿಯಲ್ಲಿ ಕಾಫಿ, ಮೆಣಸು. ಇನ್ನೊಂದು ತುದಿಯಲ್ಲಿ ರಾಗಿ, ಕೊಬ್ಬರಿ. ಬೆಲೆ, ತೆರಿಗೆ ಅಂದರೆ ಎರಡೂ ಕಡೆಯವರ ಮನಸ್ಸಿಗೆ ಬರುವ ವಸ್ತುವೇ ಬೇರೆ. ಪಟ್ಟಿ ಹೀಗೆ ಸಾಲಾಗಿ ನಿಂತರೆ ಮಲೆನಾಡಿಗೂ ಬಯಲುಸೀಮೆಗೂ ತಕ್ಕ ಪಾಲು ತಾನಾಗಿಯೇ ಬರುತ್ತದೆ.

ಆಮೇಲೆ ಪ್ರತಿ ಭಾಗದ ಮತದಾರರ ಸಂಖ್ಯೆಯನ್ನು ಒಂದರ ಕೆಳಗೊಂದು ಬರೆದು ಕೂಡುತ್ತಾ ಹೋಗುವುದು. ಒಟ್ಟು 15 ಲಕ್ಷ ಎಂದಿಟ್ಟುಕೊಳ್ಳಿ. 20 ಭಾಗ ಬೇಕಾದ್ದರಿಂದ ಅಂತರ 75,000. 1ರಿಂದ 75,000ದೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ಎತ್ತಿ. 31,208 ಬಂತು ಅನ್ನಿ. 31,208ನೇ ಮತದಾರ ಯಾವ ಭಾಗದಲ್ಲಿದ್ದಾರೋ ಅದು ಮೊದಲ ಭಾಗ, 1,06,208 ಬೀಳುವುದು ಎರಡನೆಯದು, 1,81,208 ಮೂರನೆಯದು. ದೊಡ್ಡ ಭಾಗ ಸಿಗುವ ಸಾಧ್ಯತೆ ಹೆಚ್ಚು, ಆದರೆ ಒಳಗೆ ಎಲ್ಲ ಕಡೆಯೂ ಒಂದೇ ಸಮ 16 ಹೆಸರು ಎತ್ತುವುದರಿಂದ ಕೊನೆಗೆ ಜಿಲ್ಲೆಯ ಪ್ರತಿ ಮತದಾರನಿಗೂ ಸಮ ಅವಕಾಶ. ಸಣ್ಣ ಭಾಗದಿಂದ ಕಡಿಮೆ, ದೊಡ್ಡದರಿಂದ ಹೆಚ್ಚು ಎತ್ತೋಣ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ, ಈ ಸಮತೋಲ ಅಲ್ಲೇ ಕೆಡುತ್ತದೆ. ಭಾಗದೊಳಗೆ 1,100 ಹೆಸರಿದ್ದರೆ 1,100ನ್ನು 16ರಿಂದ ಭಾಗಿಸಿ 68.75; ಆ ಅಂತರದಲ್ಲಿ ಹೆಜ್ಜೆ ಹಾಕಿ, ದಶಮಾಂಶವನ್ನು ಕೊನೆಯಲ್ಲಿ ಬಿಡಿ. ಪಟ್ಟಿ ಮನೆಯ ಕ್ರಮದಲ್ಲಿ ಇರುವುದರಿಂದ ಒಂದೇ ಮನೆಯ ಇಬ್ಬರು ಸಿಗುವುದು ಅಪರೂಪ.

ಒಟ್ಟು 320 ಹೆಸರು. ನಾಲ್ಕರಲ್ಲಿ ಮೂವರು ಸಿಕ್ಕರೆ 240 ಉತ್ತರ, ಅಂದರೆ ಭಾಗಕ್ಕೆ 12. ಇಲ್ಲಿ ಒಂದು ಕಹಿ ಲೆಕ್ಕವಿದೆ. ಒಂದೇ ಊರಿನವರ ಅಭಿಪ್ರಾಯ ಒಂದಕ್ಕೊಂದು ಹತ್ತಿರ ಇರುತ್ತದೆ. ಆ ಹೋಲಿಕೆಯ ಗುಣಾಂಕ 0.05 ಎಂದು ಹಿಡಿದರೂ ವಿನ್ಯಾಸ ಪರಿಣಾಮ, ಅಂದರೆ ಊರೂರಾಗಿ ಎತ್ತಿದ್ದರಿಂದ ಮಾಹಿತಿ ಎಷ್ಟು ಪಟ್ಟು ತೆಳುವಾಗುತ್ತದೆ ಎಂಬುದು, 1 + 11 × 0.05 = 1.55 (11 ಅಂದರೆ ಭಾಗದ 12 ಜನರಲ್ಲಿ ಒಂದು ಕಳೆದದ್ದು). ನಮ್ಮ 240 ಜನ 155 ಜನರಷ್ಟೇ ಮಾಹಿತಿ ಕೊಡುತ್ತಾರೆ. ದೋಷದ ಅಂಚು, ಅಂದರೆ ಉತ್ತರ ಆಚೀಚೆ ಆಗಬಹುದಾದ ಅಳತೆ, 6.3 ಅಲ್ಲ, ಸುಮಾರು 7.9 ಶೇಕಡಾ ಅಂಶ. ವರದಿಯಲ್ಲಿ ಈ ದೊಡ್ಡ ಸಂಖ್ಯೆಯನ್ನೇ ಹಾಕಬೇಕು. ಕಡಿಮೆ ಊರುಗಳಲ್ಲಿ ಹೆಚ್ಚು ಮನೆ ಮಾಡಿ ಬಸ್ಸಿನ ಖರ್ಚು ಉಳಿಸುವ ಆಸೆ ಎಲ್ಲರಿಗೂ ಬರುತ್ತದೆ; 10 ಭಾಗದಲ್ಲಿ 24ರಂತೆ ಮಾಡಿದರೆ ಪರಿಣಾಮ 2.15ಕ್ಕೆ ಏರಿ, ಉಳಿಯುವುದು 112 ಜನರಷ್ಟು ಮಾಹಿತಿ.

ಹೊಲ, ತೋಟದ ವೇಳೆ ತಿಳಿಯದೆ ಹೊರಟರೆ ಪಟ್ಟಿ ಎಷ್ಟು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು. ಈಗ ಸಕಲೇಶಪುರದ ಕಡೆ ಅರೇಬಿಕಾ ಕೊಯ್ಲು, ಅರಸೀಕೆರೆಯ ಕಡೆ ರಾಗಿ ಕಟಾವು. ಬೆಳಿಗ್ಗೆ ಹತ್ತಕ್ಕೆ ಹೋದರೆ ಮನೆಯಲ್ಲಿ ಸಿಗುವವರು ಮುದುಕರು, ಬಾಣಂತಿಯರು, ಅಂಗಡಿಯವರು. ಒಂದು ಹೆಸರಿಗೆ ಮೂರು ಸಲ ಹೋಗಬೇಕು, ಅದರಲ್ಲಿ ಒಂದು ಸಲ ಸಂಜೆ ಆರರ ಮೇಲೆ, ಒಂದು ಸಲ ತೋಟಕ್ಕೆ ರಜೆ ಇರುವ ದಿನ. ಮೂರು ಸಲವೂ ಸಿಗದಿದ್ದರೆ 'ಸಿಗಲಿಲ್ಲ' ಎಂದು ಬರೆದು ಮುಂದಕ್ಕೆ ನಡೆಯಿರಿ. ಪಕ್ಕದ ಮನೆಯವರನ್ನು ಕೇಳಿ ತುಂಬಿಸಕೂಡದು. ಈ ಒಂದು ನಿಯಮ ಸಡಿಲವಾದರೆ ದುಡಿಯುವ ವಯಸ್ಸಿನವರೆಲ್ಲ ಮಾದರಿಯಿಂದ ಜಾರಿಹೋಗುತ್ತಾರೆ, ಬೆಲೆಯ ಪ್ರಶ್ನೆಗೆ ಮುಖ್ಯವಾಗಿ ಬೇಕಾದವರು ಅವರೇ. ತೀರಿಕೊಂಡವರು, ಮದುವೆಯಾಗಿ ಬೇರೆ ಊರಿಗೆ ಹೋದವರು, ಬೆಂಗಳೂರಲ್ಲೇ ನೆಲೆಸಿದವರು, ಒಪ್ಪದವರು, ವಿಳಾಸ ಸಿಗದವರು, ಎಲ್ಲರಿಗೂ ಬೇರೆ ಬೇರೆ ಸಂಕೇತ. ಕಾಫಿ ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಮಿನ ಕಾರ್ಮಿಕರು ಸಾಮಾನ್ಯವಾಗಿ ಈ ಪಟ್ಟಿಯಲ್ಲೇ ಇರುವುದಿಲ್ಲ. ಅವರ ಅಭಿಪ್ರಾಯ ಈ ವರದಿಯಲ್ಲಿ ಇಲ್ಲವೆಂದು ಮೊದಲ ಪುಟದಲ್ಲೇ ಹೇಳಬೇಕು.

ಬಾಗಿಲಲ್ಲಿ ಮೊದಲ ಮಾತು ಬಹಳ ಮುಖ್ಯ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮೇಷ್ಟ್ರುಗಳು ಮನೆಮನೆಗೆ ಬಂದು ಹೋಗಿದ್ದಾರೆ. 'ಮೊನ್ನೆ ತಾನೇ ಬರ್ಕೊಂಡು ಹೋದ್ರಲ್ಲಪ್ಪ' ಅನ್ನುತ್ತಾರೆ, ಇಲ್ಲವೇ ಕಾರ್ಡು ರದ್ದಾಗುತ್ತದೆಂಬ ಭಯದಲ್ಲಿ ಎಲ್ಲಕ್ಕೂ 'ಚೆನ್ನಾಗಿದೆ' ಅನ್ನುತ್ತಾರೆ. ಆದ್ದರಿಂದ ಹೇಳಬೇಕಾದ ಮಾತು ಇಷ್ಟು: 'ನಾವು ಕಾಲೇಜಿನ ಮಕ್ಕಳು, ಸರ್ಕಾರದವರಲ್ಲ. ನಿಮ್ಮ ಹೆಸರು ಈ ಹಾಳೆಯಲ್ಲಿ ಬರೆಯೋದಿಲ್ಲ. ಬೇಡ ಅಂದ್ರೆ ಹೋಗ್ತೀವಿ.' ಪಡಿತರ ಚೀಟಿಯ ಫೋಟೋ ತೆಗೆಯುವುದು ಪೂರ್ತಿ ನಿಷೇಧ. ತಂಡದಲ್ಲಿ ಒಬ್ಬ ಹುಡುಗಿ ಇರಲೇಬೇಕು. ಗೃಹಲಕ್ಷ್ಮಿಯ ಪ್ರಶ್ನೆಗೆ ಗಂಡ ಮುಂದೆ ನಿಂತು 'ಬರೀರಿ, ಬರ್ತದೆ' ಎಂದು ತಾನೇ ಉತ್ತರಿಸುವುದು ಮಾಮೂಲು. ಆಗ ಒಬ್ಬರು ಯಜಮಾನರನ್ನು ಜಗುಲಿಯಲ್ಲಿ ಮಾತಾಡಿಸುತ್ತಾ ಇರಬೇಕು, ಇನ್ನೊಬ್ಬರು ಅಮ್ಮನನ್ನು ಹಿತ್ತಲಲ್ಲೋ ಅಡುಗೆಮನೆ ಬಾಗಿಲಲ್ಲೋ ಕೇಳಬೇಕು. ಸ್ವಂತ ಊರಿಗೆ ಯಾರನ್ನೂ ಹಾಕುವುದಿಲ್ಲ. ಬಂದ ದುಡ್ಡು ಯಾವುದಕ್ಕೆ ಖರ್ಚಾಯಿತು ಎಂದು ಪಕ್ಕದ ಬೀದಿಯ ಹುಡುಗನಿಗೆ ಯಾರೂ ನಿಜ ಹೇಳುವುದಿಲ್ಲ.

ಪ್ರಶ್ನಾವಳಿ ಎರಡು ಪುಟ, 14 ಪ್ರಶ್ನೆ. 'ಜಿಎಸ್‌ಟಿ ಇಳಿಕೆಯಿಂದ ನಿಮಗೆ ಲಾಭ ಆಗಿದೆಯೇ?' ಎಂಬ ಪ್ರಶ್ನೆಯನ್ನು ತೆಗೆದುಹಾಕಿದ್ದೇವೆ. ಕೇಳಿದರೆ ಜನ ಹಾಲಿನ ಬೆಲೆಯನ್ನೇ ಹೇಳುತ್ತಾರೆ. ನಂದಿನಿ ಹಾಲಿಗೆ 4 ರೂಪಾಯಿ ಏರಿದ್ದು ಈ ವರ್ಷ ಏಪ್ರಿಲ್‌ನಲ್ಲಿ, ಮತ್ತು ಪ್ಯಾಕೆಟ್ ಹಾಲಿಗೆ ಜಿಎಸ್‌ಟಿ ಮೊದಲೂ ಇರಲಿಲ್ಲ. ಆದ್ದರಿಂದ ದರ ನಿಜವಾಗಿ ಬದಲಾದ ವಸ್ತುಗಳನ್ನೇ ಹೆಸರಿಸಿ ಕೇಳುವುದು: ಸೋಪು, ಟೂತ್‌ಪೇಸ್ಟ್, ತಲೆಗೆ ಹಾಕುವ ಎಣ್ಣೆ 18ರಿಂದ 5ಕ್ಕೆ ಬಂದಿವೆ; ತುಪ್ಪ 12ರಿಂದ 5ಕ್ಕೆ; ರೈತರಿಗಾದರೆ ಟ್ರ್ಯಾಕ್ಟರ್ 12ರಿಂದ 5ಕ್ಕೆ. 18ರಿಂದ 5ಕ್ಕೆ ಇಳಿದರೆ ಬೆಲೆ ಶೇ. 13 ಕಡಿಮೆಯಾಗುತ್ತದೆಂದು ವಿದ್ಯಾರ್ಥಿಗಳೇ ಬರೆದುಬಿಡುತ್ತಾರೆ. 118 ರೂಪಾಯಿಯದು 105 ಆಗುತ್ತದೆ, ಅಂದರೆ ಇಳಿಕೆ ಶೇ. 11. ಹತ್ತು ರೂಪಾಯಿಯ ಬಿಸ್ಕತ್ತಿನಲ್ಲಿ ಬೆಲೆ ಅಷ್ಟೇ ಇದ್ದು ತೂಕ ಹೆಚ್ಚಿರಬಹುದು. ಅದಕ್ಕೆ ಪ್ರತ್ಯೇಕ ಪ್ರಶ್ನೆ ಇಟ್ಟಿದ್ದೇವೆ.

'ಗೃಹಲಕ್ಷ್ಮಿ ಮುಂದುವರಿಯಬೇಕೇ?' ಎಂದು ಬರಿದೇ ಕೇಳಿದರೆ ಬರುವುದು ಹೌದು. ನೀತಿಯ ಪ್ರಶ್ನೆ ಅಂದರೆ ಅದರ ವೆಚ್ಚವೂ ಪ್ರಶ್ನೆಯೊಳಗೆ ಇರಬೇಕು. ಅದಕ್ಕೆ ಎರಡು ನಮೂನೆ ಮಾಡಿದ್ದೇವೆ. ಬೆಸ ಕ್ರಮಸಂಖ್ಯೆಯವರಿಗೆ ಬರಿಯ ಪ್ರಶ್ನೆ. ಸಮಸಂಖ್ಯೆಯವರಿಗೆ 'ರಸ್ತೆ, ಕೆರೆ ಕೆಲಸಕ್ಕೆ ಹಣ ಕಡಿಮೆಯಾದರೂ' ಎಂಬ ಮಾತು ಸೇರಿಸಿ. ಎರಡರ ನಡುವಿನ ಅಂತರವೇ ಈ ಪ್ರಾಜೆಕ್ಟಿನ ಬೆಲೆಬಾಳುವ ಫಲಿತಾಂಶ ಆಗಬಹುದು. 'ಬಿಟ್ಟಿ', 'ಉಚಿತ', 'ಗ್ಯಾರಂಟಿ' ಮೂರೂ ಪದಗಳಿಗೆ ಹಾಳೆಯಲ್ಲಿ ಜಾಗವಿಲ್ಲ, ಯೋಜನೆಯ ಹೆಸರು ಮಾತ್ರ.

ಐದು ಹಂತದ ಅಳತೆ ಬಾಯಲ್ಲಿ ಹೇಳಿದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಮೊದಲು 'ಸರಿಯೋ, ತಪ್ಪೋ?', ಉತ್ತರ ಬಂದ ಮೇಲೆ 'ತುಂಬಾನೋ, ಸ್ವಲ್ಪಾನೋ?' ಹೀಗೆ ಎರಡು ಮೆಟ್ಟಿಲಲ್ಲಿ ಕೇಳಿದರೆ ಸಲೀಸು. ಎರಡೂ ಅಲ್ಲ ಎಂದವರಿಗೆ ನಡುವಿನ ಹಂತ. ಆದಾಯ ಕೇಳುವುದಿಲ್ಲ, ಕಾರ್ಡಿನ ಬಗೆ, ಎಕರೆ ಗುಂಟೆಯಲ್ಲಿ ಜಮೀನು, ಗಾಡಿ ಇದೆಯೇ, ಇಷ್ಟು ಸಾಕು.

ಐದು ಹಂತಗಳಿಗೆ 1ರಿಂದ 5 (5 ಅಂದರೆ ತುಂಬಾ ಸರಿ), 'ಗೊತ್ತಿಲ್ಲ'ಕ್ಕೆ 8, 'ಹೇಳಲು ಇಷ್ಟವಿಲ್ಲ'ಕ್ಕೆ 9. ಎಕ್ಸೆಲ್‌ನಲ್ಲಿ ಸರಾಸರಿ ತೆಗೆಯುವ ಮೊದಲು ಇವನ್ನು ಖಾಲಿ ಮಾಡಬೇಕು. ಎಂಟು ಜನರ ಸರಾಸರಿ 3 ಇದ್ದು, ಇನ್ನಿಬ್ಬರ 9 ಹಾಗೇ ಉಳಿದರೆ ಸರಾಸರಿ 4.2 ಆಗಿ ಊರಿಗೆ ಊರೇ ಸರ್ಕಾರವನ್ನು ಮೆಚ್ಚಿದಂತೆ ಕಾಣುತ್ತದೆ. 'ಗೊತ್ತಿಲ್ಲ' ಎಷ್ಟು ಶೇಕಡಾ ಎಂಬುದನ್ನು ಬೇರೆ ಸಾಲಿನಲ್ಲಿ ಮುದ್ರಿಸಿ, ಅದೂ ಫಲಿತಾಂಶವೇ.

ಎರಡು ಗುಂಪುಗಳ ಉತ್ತರದ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ನೋಡುವ ಕೈ-ವರ್ಗ ಪರೀಕ್ಷೆಯಲ್ಲಿ ನಿರೀಕ್ಷಿತ ಆವೃತ್ತಿ 5ಕ್ಕಿಂತ ಕೆಳಗಿಳಿದ ಕೋಶಗಳನ್ನು ಪಕ್ಕದ ವರ್ಗಕ್ಕೆ ಸೇರಿಸಬೇಕೆಂಬುದು ಎಲ್ಲರಿಗೂ ಗೊತ್ತು. ನಮ್ಮಂತೆ ಊರೂರಾಗಿ ಎತ್ತಿದ ಗುಂಪು ಮಾದರಿಯಲ್ಲಿ ಆ ಪರೀಕ್ಷೆಯ ಸೂತ್ರವನ್ನು ನೇರ ಬಳಸಬಾರದೆಂಬುದು ಪದವಿ ಮಟ್ಟದಲ್ಲಿ ಹೆಚ್ಚಿನವರಿಗೆ ತಲುಪಿಲ್ಲ. ಹೆಂಗಸರು ಗಂಡಸರು ಒಂದು ಕಡೆ, ಮೂರು ಅಭಿಪ್ರಾಯ ಇನ್ನೊಂದು ಕಡೆ ಇರುವ ಕೋಷ್ಟಕದಲ್ಲಿ 7.4 ಬಂತು ಅನ್ನಿ. ಇಂಥ ಎರಡು-ಮೂರರ ಕೋಷ್ಟಕಕ್ಕೆ, ಅಂದರೆ 2 ಸ್ವಾತಂತ್ರ್ಯಾಂಕಕ್ಕೆ, ಮಿತಿ 5.991, ಆದ್ದರಿಂದ ವ್ಯತ್ಯಾಸ ಇದೆ ಎಂದು ಬರೆಯಲು ಕೈ ತುರಿಸುತ್ತದೆ. ಮೇಲಿನ ವಿನ್ಯಾಸ ಪರಿಣಾಮ 1.55ರಿಂದ ಭಾಗಿಸಿ: 4.77. ವ್ಯತ್ಯಾಸ ಸಾಬೀತಾಗಲಿಲ್ಲ. ರಾವ್–ಸ್ಕಾಟ್ ತಿದ್ದುಪಡಿಯ ಸರಳ ರೂಪ ಇದು, ವಿದ್ಯಾರ್ಥಿ ಪ್ರಾಜೆಕ್ಟಿಗೆ ಧಾರಾಳ ಸಾಕು.

ಭಾರತದ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು ಬಂಗಾಳದ ಸೆಣಬಿನ ಸಮೀಕ್ಷೆಗಳಲ್ಲಿ ಒಂದೇ ಪ್ರದೇಶಕ್ಕೆ ಎರಡು ಸ್ವತಂತ್ರ ಉಪಮಾದರಿಗಳನ್ನು ಬೇರೆ ಬೇರೆ ತಂಡಗಳಿಗೆ ಕೊಟ್ಟು ಉತ್ತರ ಹೋಲಿಸುತ್ತಿದ್ದರು. ನಮ್ಮಲ್ಲೂ ನಾಲ್ಕು ಭಾಗಗಳಲ್ಲಿ 16 ಹೆಸರನ್ನು ಚೀಟಿ ಎತ್ತಿ ಎಂಟೆಂಟಾಗಿ ಒಡೆದು ಎರಡು ತಂಡಕ್ಕೆ ಹಂಚಿದ್ದೇವೆ. ಅಂತರ ತೀರ ದೊಡ್ಡದಿದ್ದರೆ ಪ್ರಶ್ನೆ ಓದುವ ರೀತಿಯಲ್ಲಿ ಏನೋ ಹೆಚ್ಚುಕಮ್ಮಿ ಇದೆ ಎಂದು ತಿಳಿದು ಎರಡೂ ತಂಡಗಳನ್ನು ಕೂರಿಸಿ ಗಟ್ಟಿಯಾಗಿ ಓದಿಸುವುದು.

ಸೋಮವಾರ ಪೂರ್ವಪರೀಕ್ಷೆ. ಪೆನ್ಷನ್ ಮೊಹಲ್ಲಾದಲ್ಲಿ ಐದು ಮನೆ, ಸಂತೆಪೇಟೆಯಲ್ಲಿ ಐದು ಮನೆ, ಎರಡೂ ಆಯ್ಕೆಯಾದ ಭಾಗಗಳ ಹೊರಗೆ. ಒಂದು ಮನೆಗೆ 12 ನಿಮಿಷ ಮೀರಿದರೆ ಜಮೀನಿನ ಎರಡು ಪ್ರಶ್ನೆಗಳನ್ನು ಒಂದು ಮಾಡುವುದು. ಪೆನ್ಸಿಲ್ ಬೇಡ, ನೀಲಿ ಪೆನ್ನು. ತಿದ್ದಿದರೆ ಹಳೆಯದು ಕಾಣುವಂತೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಹೊಸ ಸಂಕೇತ ಬರೆಯಬೇಕು.