ಜರ್ಮನಿ ಪ್ಲಾಂಟ್ ಮ್ಯಾಲ, ಚಾಕಣ ಪ್ಲಾಂಟ್ ಕೆಳಗ: ಯಾಕ?

ಪುಣೆಗೆ ಹೊಸದಾಗಿ ಬಂದ ನಮ್ಮ ವಿಜಯಪುರ, ಇಂಡಿ ಕಡೆ ಹುಡುಗ್ರು ಎಲ್ಲಾರೂ ಇದನ್ನ ಕೇಳ್ತಾರ. ಸರ್, ಕಂಪನಿ ಒಂದೇ, ಮಷೀನ್ ಒಂದೇ, ಡ್ರಾಯಿಂಗ್ ಒಂದೇ, ಆದ್ರೂ ತಿಂಗಳ ರಿಪೋರ್ಟ್‌ನಾಗ ಜರ್ಮನಿ ಪ್ಲಾಂಟ್ ಮ್ಯಾಲ, ಇಲ್ಲೇ ಪುಣೆ ಹತ್ರದ ನಮ್ಮ ಚಾಕಣ ಪ್ಲಾಂಟ್ ಕೆಳಗ ಯಾಕ, ನಮ್ಮ ಮಂದಿ ಕೆಲಸ ಕಮ್ಮಿ ಮಾಡ್ತಾರೇನ್ರಿ?

ಇಲ್ಲಪಾ. ಮೊದ್ಲು ಯಾವ ಪ್ಲಾಂಟಿಗೆ ಎಂಥಾ ಕೆಲಸ ಕೊಟ್ಟಾರ ನೋಡು. ಶಿಫ್ಟ್ ಅಂದ್ರ 480 ನಿಮಿಷ, ಒಂದು ಪಾರ್ಟ್ ಬಿಟ್ಟು ಇನ್ನೊಂದು ಮಾಡಾಕ ಮಷೀನಿನ ಸೆಟ್ಟಿಂಗ್ ಒಮ್ಮೆ ಬದಲಿಸಾಕ 45 ನಿಮಿಷ ಹಿಡಿತದ ಅಂತ ಇಟ್ಕೋ. ಅಲ್ಲಿ ದೊಡ್ಡ ಆರ್ಡರ್, ಒಮ್ಮೆ ಬದಲಿಸಿದ್ರ ಮುಗೀತು, 435 ನಿಮಿಷ ಮಷೀನ್ ಓಡ್ತದ. ಇಲ್ಲಿ ಸಣ್ಣ ಸಣ್ಣ ಲಾಟು, ನಾಕು ಸಲ ಬದಲಿಸಬೇಕು, ಉಳಿಯೋದು 300. ಆ 135 ನಿಮಿಷದ ಫರಕು ಆಪರೇಟರ್ ಮಾಡಿದ್ದಲ್ಲ, ಯಾವ ಪಾರ್ಟ್ ಎಲ್ಲಿ ಮಾಡ್ಬೇಕು ಅಂತ ಹೆಡ್ ಆಫೀಸ್‌ನಾಗ ಕೂತು ಹಂಚಿದವ್ರು ಮಾಡಿದ್ದು. (ನಾವೂ ಸುಮ್ನ ಕೂಡಬಾರ್ದು ಮತ್ತ, 45ನ್ನ 15ಕ್ಕ ಇಳಿಸಿದ್ರ ನಾಕು ಸಲ ಬದಲಿಸಿದ್ರೂ 420 ಸಿಗ್ತದ.)

ಮಂದೀದೇ ತಪ್ಪು ಅನ್ನೋರಿಗೆ ನಾ ಅಮೆರಿಕಾದ ಫ್ರೀಮಾಂಟ್ ಕಥಿ ಹೇಳ್ತೀನಿ. ಜನರಲ್ ಮೋಟರ್ಸ್ 1982ರಾಗ ಮುಚ್ಚಿದ ಪ್ಲಾಂಟದು, ಗೈರುಹಾಜರಿ, ಜಗಳ ಭಾಳ ಇದ್ವು. 1984ರಾಗ ಟೊಯೋಟಾ ಜೋಡಿ ಕೂಡಿ ಮತ್ತ ಚಾಲೂ ಮಾಡಿದ್ರು, ಕೆಲಸಗಾರ್ರು ಹೆಚ್ಚು ಕಮ್ಮಿ ಅವ್ರೇ, ಯೂನಿಯನ್ ಅದೇ, ಆದ್ರ ತಪ್ಪು ಕಂಡ್ರ ಲೈನ್ ನಿಲ್ಲಿಸೋ ಅಧಿಕಾರ ಅವ್ರ ಕೈಗೇ ಬಂತು, ಕ್ವಾಲಿಟಿ ಎದ್ದು ನಿಂತು ಗೈರುಹಾಜರಿ ಇಳೀತು.

ಕಾಸ್ರಾ ಫರ್ಡೋಸ್ ಅನ್ನೋ ಪ್ರೊಫೆಸರ್ 1997ರಾಗ ಹೊರದೇಶದ ಫ್ಯಾಕ್ಟರಿಗಳನ್ನ ಆರು ನಮೂನಿ ವಿಂಗಡಿಸಿದ್ರು. ಒಂದು ಬರೇ ಸ್ವಸ್ತಾ ಮಾಲು ಮಾಡಾಕ ಇರ್ತದ, ಮತ್ತೊಂದು ಹೊಸಾದು ಹುಡುಕಿ ಇಡೀ ಕಂಪನಿಗೆ ಕಲಿಸ್ತದ. ಮೊದಲನೇದಕ್ಕ ಡಿಸೈನ್ ಮುಟ್ಟೋ ಅಧಿಕಾರ ಕೊಡದಿದ್ರ ಅದು ಎರಡನೇದು ಆಗೋದು ಹೆಂಗ?

ಮೊದ್ಲು ನಾ ಇಲ್ಲೇ ಪುಣೆ ಕಡೆ ಭೋಸರಿಯಾಗ ಒಂದು ಫಾರಿನ್ ಕಂಪನಿಯಾಗಿದ್ದೆ. ನಮ್ಮ ಆಪರೇಟರ್ ಒಬ್ಬವ, ಪಾರ್ಟ್ ಹಿಡಿದು ನಿಲ್ಲಿಸೋ ಫಿಕ್ಸ್ಚರ್‌ಗೆ ಒಂದು ಪಿನ್ ಹಾಕಿದ್ರ ಪಾರ್ಟ್ ಉಲ್ಟಾ ಕೂಡೂದಿಲ್ಲ ಅಂತ ಕಾಗದದ ಮ್ಯಾಲ ಗೀಚಿ ತೋರಿಸ್ದ, ಸಾಮಾನು ಇಲ್ಲೇ ಟೂಲ್‌ರೂಮಿನ್ಯಾಗ ಇತ್ತು, ಅರ್ಧಾ ದಿನದ ಕೆಲಸ. ಅಪ್ರೂವಲ್ ಮಾತ್ರ ಹೊರದೇಶದ ಹೆಡ್ ಆಫೀಸಿನಿಂದ ಬರಬೇಕು. ನಮಗ ಗುರುವಾರ ಸುಟ್ಟಿ, ಅವ್ರಿಗೆ ಶನಿವಾರ ರವಿವಾರ, ಮೇಲ್ ಮ್ಯಾಲ ಮೇಲ್, ಮೂರು ತಿಂಗಳು ಹೋತು, ರಿಜೆಕ್ಷನ್ ನಮ್ಮ ಹೆಸರಿನ ಮ್ಯಾಲ ಏರ್ಕೋತ ಹೋತು. ಅಪ್ರೂವಲ್ ಬಂದಾಗ ಅವ ರಾಂಜಣಗಾವ್ ಕಡೆ ಬ್ಯಾರೆ ಕಂಪನಿ ಸೇರಿದ್ದ.